ಸ್ಟಾಕ್‌ಹೋಮ್‌ನ ಲೆಕ್ಕದವರಿಗೆ ಧಾರವಾಡದಿಂದ ಥ್ಯಾಂಕ್ಸ್

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ, ವಿಭಾಗಕ್ಕೇ ಬಂದು ಪೇಡೆ ಕೊಟ್ಟು ಹೋದವರಿಗೆ ಎಲ್ಲರಿಗೂ ಮೊದಲು ಥ್ಯಾಂಕ್ಸ್. ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದೇನೆ, ತಡವಾದರೆ ಬೇಜಾರು ಮಾಡ್ಕೋಬೇಡಿ. ಪ್ರಬಂಧದ ಶುರುವಿನಲ್ಲಿ ಕೃತಜ್ಞತೆಗಳು ಅಂತ ಒಂದು ಪುಟ ಇರುತ್ತದಲ್ಲ, ಅದರಲ್ಲಿ ಗೈಡ್, ವಿಭಾಗದವರು, ಮನೆಯವರು ಎಲ್ಲ ಇದ್ದಾರೆ. ಆದರೆ ಆ ಒಂದು ಪುಟದಲ್ಲಿ ಹಿಡಿಸದ ಋಣ ಒಂದು ಉಳಿದುಬಿಟ್ಟಿದೆ. ಅದನ್ನು ಎಲ್ಲರೆದುರು ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಒಮ್ಮೆಯೂ ನೋಡಿರದ, ನನ್ನ ಹೆಸರನ್ನೂ ಕೇಳಿರದ ಜನ ಅವರು. ಸ್ವೀಡನ್ನಿನಲ್ಲಿ ಸ್ಟಾಕ್‌ಹೋಮ್‌ಗೆ ಅಂಟಿಕೊಂಡಂತೆ ಸೋಲ್ನಾ ಅಂತ ಊರಿದೆ. ಅಲ್ಲಿ ಕೂತು ಪ್ರತಿ ವರ್ಷ ಜಗತ್ತಿನ ಆಯುಧಗಳ ಲೆಕ್ಕ ಬರೆಯುವವರು. ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಶಾಂತಿ ಸಂಶೋಧನಾ ಸಂಸ್ಥೆ, ಎಲ್ಲರೂ ಕರೆಯುವುದು ಸಿಪ್ರಿ ಅಂತ. ಪೇಪರ್ ಓದುವವರಿಗೆ ಹೆಸರು ಗೊತ್ತೇ ಇರುತ್ತದೆ. ಮಾರ್ಚ್ ಬಂತೆಂದರೆ ಶಸ್ತ್ರಾಸ್ತ್ರ ಆಮದಿನಲ್ಲಿ ಭಾರತಕ್ಕೆ ಇಷ್ಟನೇ ಸ್ಥಾನ ಅಂತ ಸುದ್ದಿ ಬರುತ್ತದೆ, ಕೊನೆಯ ಸಾಲಿನಲ್ಲಿ ಸಿಪ್ರಿ ವರದಿ ತಿಳಿಸಿದೆ ಅಂತಿರುತ್ತದೆ. ಅವರೇ ಇವರು. 2026ರ ಜುಲೈ 1ಕ್ಕೆ ಸಂಸ್ಥೆಗೆ 60 ವರ್ಷ ತುಂಬುತ್ತದೆ. ನನ್ನ ಕೆಲಸವೂ ಇದೇ ಹೊತ್ತಿಗೆ ಮುಗಿದದ್ದು ನನಗೆ ತುಂಬಾ ಖುಷಿ.

ನಾನು ಕಾರವಾರದ ಕಡೆಯವಳು. ಹೆದ್ದಾರಿಯಲ್ಲಿ ಅರ್ಗಾ ದಾಟುವಾಗ ಬಸ್ಸಿನ ಕಿಟಕಿಯಿಂದ ನೌಕಾನೆಲೆಯ ಉದ್ದನೆಯ ಗೋಡೆ ನೋಡುತ್ತಲೇ ಬೆಳೆದವಳು. ಆ ನೆಲೆ ಕಟ್ಟಿದ ಸೀಬರ್ಡ್ ಯೋಜನೆ ನಮ್ಮ ಕಡೆ ಎಷ್ಟೋ ಮನೆತನಗಳ ಊರನ್ನೇ ಬದಲಿಸಿತು. ಹಾಗಾಗಿ ಯುದ್ಧನೌಕೆ, ರಕ್ಷಣಾ ಒಪ್ಪಂದ ಇವೆಲ್ಲ ದೆಹಲಿಯವರ ಮಾತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಭಾರತ ಯಾರಿಂದ ಆಯುಧ ಕೊಳ್ಳುತ್ತದೆ, ಕೊಡುವವರು ಬದಲಾದಾಗ ನಮ್ಮ ವಿದೇಶಾಂಗ ನೀತಿಯಲ್ಲಿ ಏನು ಬದಲಾಗುತ್ತದೆ ಅನ್ನುವುದನ್ನೇ ಸಂಶೋಧನೆಗೆ ಆರಿಸಿಕೊಂಡೆ. ಆರಿಸಿಕೊಳ್ಳುವುದೇನೋ ಸುಲಭ, ಲೆಕ್ಕ ಎಲ್ಲಿಂದ ತರುವುದು? ಆಯುಧದ ವ್ಯಾಪಾರ ಅಂದರೆ ಕೊಡುವವರೂ ಬಾಯಿ ಬಿಡುವುದಿಲ್ಲ, ತಗೊಳ್ಳುವವರೂ ಬಿಡುವುದಿಲ್ಲ. ದುಡ್ಡು ಕೊಟ್ಟು ನೋಡುವ ಡೇಟಾಬೇಸ್‌ಗಳಿವೆ, ಅವುಗಳ ಚಂದಾ ನನ್ನಂಥ ಫೆಲೋಶಿಪ್‌ನವರ ಕೈಗೆ ಎಟುಕುವಂಥದ್ದಲ್ಲ.

ಅಷ್ಟರಲ್ಲಿ ಕೊರೊನಾ ಬಂತು. ವಿಭಾಗ ಬಂದ್, ಲೈಬ್ರರಿ ಬಂದ್, ಹಾಸ್ಟೆಲ್ ಖಾಲಿ. ಪುಸ್ತಕ ಎಲ್ಲ ಧಾರವಾಡದಲ್ಲಿ, ನಾನು ಊರಲ್ಲಿ. ನನ್ನ ಜೊತೆ ಸೇರಿದ್ದ ಕೆಲವರು ಆಗಲೇ ಸಂಶೋಧನೆ ಬಿಟ್ಟರು, ನಾನೂ ಬಿಡುವ ಯೋಚನೆಯಲ್ಲಿದ್ದೆ. ಬಿಡದೆ ಉಳಿದದ್ದಕ್ಕೆ ಒಂದು ಕಾರಣ, ಸಿಪ್ರಿಯ ಡೇಟಾಬೇಸ್‌ಗಳು ಎಲ್ಲರಿಗೂ ತೆರೆದಿದ್ದವು. ಹಣ ಕೇಳಲಿಲ್ಲ, ಯಾವ ಯೂನಿವರ್ಸಿಟಿ ಅಂತ ಕೇಳಲಿಲ್ಲ. 1950ರಿಂದ ಈಚೆಗೆ ಯಾವ ದೇಶ ಯಾವ ದೇಶಕ್ಕೆ ಯಾವ ದೊಡ್ಡ ಆಯುಧ ಕೊಟ್ಟಿತು ಅನ್ನುವ ರಿಜಿಸ್ಟರ್ ಮಹಡಿ ಮೇಲೆ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತಿದ್ದ ಸಿಗ್ನಲ್‌ನಲ್ಲಿ ನನ್ನ ಹಳೇ ಲ್ಯಾಪ್‌ಟಾಪ್‌ಗೆ ಇಳಿಯಿತು. ಆ ತಿಂಗಳುಗಳಲ್ಲಿ ನನಗಿದ್ದ ಲೈಬ್ರರಿ ಅದೊಂದೇ.

ಆ ರಿಜಿಸ್ಟರ್‌ನ ಒಂದು ಸಾಲು ಹೇಗಿರುತ್ತದೆ ಅಂತ ಹೇಳಬೇಕು, ಯಾಕೆಂದರೆ ಅಲ್ಲೇ ಅವರ ಶ್ರಮ ಕಾಣುವುದು. ಕೊಟ್ಟವರು, ತಗೊಂಡವರು, ಎಷ್ಟು ಆಯುಧಕ್ಕೆ ಆರ್ಡರ್, ಆಯುಧದ ಹೆಸರು, ಅದು ಯಾವ ಬಗೆಯದ್ದು, ಆರ್ಡರ್ ಆದ ವರ್ಷ, ಕೈಸೇರಿದ ವರ್ಷ, ಬಂದದ್ದೆಷ್ಟು, ಕೊನೆಗೆ ಒಂದು ಟಿಪ್ಪಣಿ. ಇಷ್ಟೇ. ಆದರೆ ಈ ಒಂದು ಸಾಲಿಗೆ ಪೇಪರ್‌ಗಳು, ರಕ್ಷಣಾ ಪತ್ರಿಕೆಗಳು, ಸಂಸತ್ತಿನ ದಾಖಲೆಗಳು, ಸರ್ಕಾರದ ವರದಿಗಳು ಎಲ್ಲವನ್ನೂ ಜಾಲಾಡಿರುತ್ತಾರೆ. ಗುಟ್ಟಾಗಿ ಸಿಕ್ಕಿದ್ದು ಯಾವುದೂ ಅದರಲ್ಲಿಲ್ಲ. ಎಲ್ಲ ಯಾರು ಬೇಕಾದರೂ ಹುಡುಕಿ ತೆಗೆಯಬಹುದಾದ ಮಾಹಿತಿ. ಹುಡುಕುವ ತಾಳ್ಮೆ ಮಾತ್ರ ಅವರದು.

ನಮ್ಮೂರಿಗೆ ಬಂದ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ್ದೇ ಉದಾಹರಣೆ ತಗೊಳ್ಳಿ. ಅಡ್ಮಿರಲ್ ಗೋರ್ಷ್ಕೋವ್ ಅನ್ನುವ ಸೋವಿಯತ್ ಕಾಲದ ಹಳೇ ಹಡಗು ಅದು. 2004ರ ಒಪ್ಪಂದದ ಪ್ರಕಾರ ಹಡಗಿಗೆ ದುಡ್ಡಿಲ್ಲ, ಅದನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ ದುಡ್ಡು. ಮೊದಲು 100 ಕೋಟಿ ಡಾಲರ್‌ಗಿಂತ ಕಡಿಮೆ ಅಂದರು, ಕೊನೆಗೆ ಅದು 230 ಕೋಟಿ ಡಾಲರ್ ದಾಟಿತು. 2013ರ ನವೆಂಬರ್‌ನಲ್ಲಿ ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿ, 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು. ಈಗ ಇದರ ವ್ಯಾಪಾರವನ್ನು ಯಾವ ಬೆಲೆಯಲ್ಲಿ ಅಳೆಯುತ್ತೀರಿ? ಒಪ್ಪಂದದ ಬೆಲೆ ನಂಬಿದರೆ ಕೆಟ್ಟಿರಿ. ಒಂದು ದೇಶ ಸ್ನೇಹಕ್ಕೆ ಅಗ್ಗವಾಗಿ ಕೊಡುತ್ತದೆ, ಇನ್ನೊಂದು ಸಾಲದ ಮೇಲೆ ಕೊಡುತ್ತದೆ, ಮತ್ತೊಂದು ಬೆಲೆಯನ್ನೇ ಹೇಳುವುದಿಲ್ಲ. ಅದಕ್ಕೇ ಸಿಪ್ರಿಯವರು ಟಿಐವಿ ಅಂತ ತಮ್ಮದೇ ಒಂದು ಅಳತೆ ಮಾಡಿಕೊಂಡಿದ್ದಾರೆ. ಅದು ಯಾರು ಎಷ್ಟು ಹಣ ಕೊಟ್ಟರು ಅಂತ ಹೇಳುವುದಿಲ್ಲ, ಎಷ್ಟು ಸೇನಾ ಶಕ್ತಿ ಒಂದು ದೇಶದಿಂದ ಇನ್ನೊಂದಕ್ಕೆ ಹೋಯಿತು ಅಂತ ಹೇಳುತ್ತದೆ. ಬಳಸಿದ ಆಯುಧವಾದರೆ ಹೊಸದರ 40 ಪರ್ಸೆಂಟ್ ಅಂತ ಹಿಡಿಯುತ್ತಾರೆ. ಬಳಸಿದ್ದೇ ಆದರೂ ಚೆನ್ನಾಗಿ ಹೊಸದು ಮಾಡಿಸಿದ್ದರೆ 66 ಪರ್ಸೆಂಟ್. ಹಳೇ ಬೈಕಿಗೆ ಎಂಜಿನ್ ಕೆಲಸ ಮಾಡಿಸಿ ಮಾರುವಾಗ ನಾವೂ ಹೀಗೇ ಅಲ್ವಾ ಬೆಲೆ ಕಟ್ಟುವುದು. ಈ ನಿಯಮವನ್ನೂ ಬಚ್ಚಿಡದೆ ಬರೆದಿಟ್ಟಿದ್ದಾರೆ. ಒಪ್ಪದವರು ಬೇರೆ ಲೆಕ್ಕ ಹಾಕಿಕೊಳ್ಳಬಹುದು.

ನನ್ನ ಇಡೀ ಪ್ರಬಂಧ ನಿಂತಿರುವುದು ಮೂರು ಅಂಕಿಗಳ ಮೇಲೆ. ಭಾರತದ ಆಯುಧ ಆಮದಿನಲ್ಲಿ ರಷ್ಯಾದ ಪಾಲು 2010–14ರಲ್ಲಿ 72 ಪರ್ಸೆಂಟ್, 2015–19ರಲ್ಲಿ 55, 2020–24ರಲ್ಲಿ 36. ಅವರು ಯಾಕೆ ಐದೈದು ವರ್ಷ ಕೂಡಿಸಿ ಹೇಳುತ್ತಾರೆ ಅನ್ನುವುದು ನನಗೆ ಶುರುವಿನಲ್ಲಿ ಅರ್ಥವಾಗಿರಲಿಲ್ಲ. ಆಮೇಲೆ ಗ್ರಾಫ್ ಎಳೆಯುತ್ತಾ ಹೋದಂತೆ ತಿಳಿಯಿತು. ಒಂದೇ ಒಂದು ವಿಮಾನವಾಹಕ ನೌಕೆ ಬಂದರೆ ಸಾಕು, ಆ ವರ್ಷದ ಗೆರೆ ಆಕಾಶಕ್ಕೆ ಹೋಗುತ್ತದೆ, ಮರುವರ್ಷ ನೆಲಕ್ಕೆ ಬೀಳುತ್ತದೆ. ಐದು ವರ್ಷ ಕೂಡಿಸಿದಾಗ ಮಾತ್ರ ನಿಜವಾದ ದಾರಿ ಕಾಣುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ದೇಶಗಳ ಸೇನಾ ಖರ್ಚಿನ ಎಕ್ಸೆಲ್ ಶೀಟ್ ತೆಗೆದರೆ ಕೆಲವು ಅಂಕಿ ನೀಲಿ, ಕೆಲವು ಕೆಂಪು. ನೀಲಿ ಅಂದರೆ ಇದು ನಮ್ಮ ಅಂದಾಜು. ಕೆಂಪು ಅಂದರೆ ಇದರ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಮಾಹಿತಿಯೇ ಇಲ್ಲದ ಕಡೆ ಬರೀ ಚುಕ್ಕಿ. ಸುಮ್ನೆ ಏನೋ ಒಂದು ಅಂಕಿ ತುಂಬಿಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬಣ್ಣ ಹಚ್ಚಿ ತೋರಿಸುತ್ತಾರೆ, ಅದೂ ಪ್ರತಿ ವರ್ಷ, ಪ್ರತಿ ದೇಶಕ್ಕೂ. ನನಗೆ ಸಂಶೋಧನೆ ಅಂದರೆ ಏನು ಅಂತ ಕಲಿಸಿದ್ದು ಯಾವ ಕೋರ್ಸ್‌ವರ್ಕ್‌ಗಿಂತ ಜಾಸ್ತಿ ಆ ಬಣ್ಣಗಳೇ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದೂ ಈ ಸೇನಾ ಖರ್ಚಿನ ಬಗ್ಗೆಯೇ. ಕೇಂದ್ರ ಬಜೆಟ್‌ನಲ್ಲಿ 2024–25ಕ್ಕೆ ರಕ್ಷಣೆಗೆ ಇಟ್ಟದ್ದು ಸುಮಾರು 6.22 ಲಕ್ಷ ಕೋಟಿ ರೂಪಾಯಿ, ಅಂದರೆ 7,500 ಕೋಟಿ ಡಾಲರ್ ಆಸುಪಾಸು, ನೀವು 2024ಕ್ಕೆ 8,610 ಕೋಟಿ ಡಾಲರ್ ಅಂತ ಬರೆದಿದ್ದೀರಲ್ಲಮ್ಮ, ಯಾವುದು ಸರಿ ಅಂತ. ಎರಡೂ ಸರಿ ಸರ್ ಅಂದೆ. ಸಿಪ್ರಿ ಲೆಕ್ಕದಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್‌ನಂಥ ಪಡೆಗಳ ಖರ್ಚೂ ಸೇರುತ್ತದೆ, ಅಣ್ವಸ್ತ್ರದ ಖರ್ಚು ಸೇರುವುದಿಲ್ಲ. ನಮ್ಮ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು, ಅವರದ್ದು ಜನವರಿಗೆ, ಹಾಗಾಗಿ ಒಂದು ವರ್ಷದ ಮುಕ್ಕಾಲು, ಹಿಂದಿನದ್ದರ ಕಾಲು ಸೇರಿಸುತ್ತಾರೆ. ಇದೆಲ್ಲ ಅವರ ಅಡಿಟಿಪ್ಪಣಿಯಲ್ಲೇ ಇದೆ. ಪರೀಕ್ಷಕರು ತಲೆಯಾಡಿಸಿ ಮುಂದಿನ ಪುಟ ತಿರುಗಿಸಿದರು. ಆ ಕ್ಷಣಕ್ಕೆ, ಆ ಅಡಿಟಿಪ್ಪಣಿ ಬರೆದವರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ.

ಈ ಸಂಸ್ಥೆ ಹುಟ್ಟಿದ ಕಥೆಯಲ್ಲಿ ನಮ್ಮ ದೇಶದ ನಂಟೂ ಇದೆ. ಸ್ವೀಡನ್ 150 ವರ್ಷ ಯುದ್ಧವಿಲ್ಲದೆ ಕಳೆದದ್ದರ ನೆನಪಿಗೆ ಇಂಥದ್ದೊಂದು ಸಂಸ್ಥೆ ಕಟ್ಟಬೇಕು ಅಂತ 1964ರಲ್ಲಿ ಹೇಳಿದವರು ಅಲ್ಲಿನ ಪ್ರಧಾನಿ ತಾಗೆ ಎರ್ಲಾಂಡರ್. ಅದನ್ನು ಹೇಗೆ ಕಟ್ಟಬೇಕು ಅಂತ ವಿಚಾರ ಮಾಡಿದ ಆಯೋಗಕ್ಕೆ ಅಧ್ಯಕ್ಷೆ ಆಲ್ವಾ ಮಿರ್ಡಾಲ್. ಈಕೆ 1955ರಿಂದ 1961ರ ತನಕ ಭಾರತದಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದವರು, ಆಮೇಲೆ ನಿಶ್ಶಸ್ತ್ರೀಕರಣಕ್ಕಾಗಿ ಮಾಡಿದ ಕೆಲಸಕ್ಕೆ 1982ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು. ಒಬ್ಬ ಹೆಣ್ಣುಮಗಳು ಆ ಕಾಲದಲ್ಲಿ, ಬಾಂಬು ಮತ್ತು ಕ್ಷಿಪಣಿಗಳ ಬಗ್ಗೆ ಗಂಡಸರೇ ತುಂಬಿದ್ದ ಸಭೆಗಳಲ್ಲಿ ಕೂತು, ನಿಶ್ಶಸ್ತ್ರೀಕರಣಕ್ಕಾಗಿ ಪಟ್ಟು ಹಿಡಿದಿದ್ದರು ಅನ್ನುವುದು ನನಗೆ ಎಷ್ಟು ಧೈರ್ಯ ಕೊಟ್ಟಿದೆ ಅಂತ ಹೇಳಲು ಬರುವುದಿಲ್ಲ. ರಕ್ಷಣೆ ವಿಷಯ ನಿನಗ್ಯಾಕೆ ಅಂತ ನನ್ನನ್ನೂ ಎಷ್ಟೋ ಜನ ಕೇಳಿದ್ದಾರೆ.

ಸ್ವೀಡನ್ ಅಂದರೆ ನಮ್ಮ ಹಿರಿಯರಿಗೆ ನೆನಪಾಗುವುದು ಬೊಫೋರ್ಸ್ ಫಿರಂಗಿ. ಹೌದು, ಆ ದೇಶವೂ ಆಯುಧ ಮಾರುತ್ತದೆ. ಸಿಪ್ರಿಗೆ ಬರುವ ಹಣದಲ್ಲಿ ದೊಡ್ಡ ಪಾಲು ಅದೇ ಸರ್ಕಾರದ ವಾರ್ಷಿಕ ಅನುದಾನ. ಆದರೂ ಸ್ವೀಡನ್ ಮಾರಿದ ಆಯುಧವೂ ಅದೇ ರಿಜಿಸ್ಟರ್‌ನಲ್ಲಿದೆ, ಅಲ್ಲಿನ ಸಾಬ್ ಕಂಪನಿಯೂ ನೂರು ದೊಡ್ಡ ಆಯುಧ ಕಂಪನಿಗಳ ಪಟ್ಟಿಯಲ್ಲಿದೆ. ಅದೇ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್, ಬಿಇಎಲ್ ಕೂಡ ಇವೆ. 2024ರ ಮಾರ್ಚ್‌ನಲ್ಲಿ ಸ್ವೀಡನ್ ನೇಟೊ ಸೇರಿತು, ಆ ವರ್ಷ ಅದರ ಸೇನಾ ಖರ್ಚು 34 ಪರ್ಸೆಂಟ್ ಏರಿತು. ಅದನ್ನೂ ಬರೆದರು. ಸಾಕುವವರ ಲೆಕ್ಕವನ್ನೂ ಹೀಗೆ ಮುಚ್ಚುಮರೆ ಇಲ್ಲದೆ ಬರೆಯುವ ಸಂಸ್ಥೆಗಳು ಎಲ್ಲ ದೇಶಗಳಲ್ಲೂ ಇರಬೇಕಿತ್ತು ಅನ್ನಿಸುತ್ತದೆ.

ಈ ವರ್ಷಗಳಲ್ಲಿ ನನ್ನ ಕ್ಯಾಲೆಂಡರ್ ಕೂಡ ಅವರದ್ದೇ ಆಗಿಹೋಗಿತ್ತು. ಡಿಸೆಂಬರ್‌ನಲ್ಲಿ ಕಂಪನಿಗಳ ಪಟ್ಟಿ, ಮಾರ್ಚ್‌ನಲ್ಲಿ ಆಯುಧ ವ್ಯಾಪಾರ, ಏಪ್ರಿಲ್‌ನಲ್ಲಿ ಸೇನಾ ಖರ್ಚು, ಜೂನ್‌ನಲ್ಲಿ ವಾರ್ಷಿಕ ಸಂಪುಟ. ಪ್ರತಿ ಸಲ ಹೊಸ ಅಂಕಿ ಬಂದಾಗ ನನ್ನ ಕೋಷ್ಟಕ ಎಲ್ಲ ಮತ್ತೆ ಕಟ್ಟಬೇಕು, ಯಾಕೆಂದರೆ ಹಳೇ ವರ್ಷಗಳನ್ನೂ ಅವರು ತಿದ್ದಿರುತ್ತಾರೆ. ಆ ಕೆಲಸ ಬೇಜಾರು ತರಲಿಲ್ಲ. ಬೇಜಾರು ತಂದದ್ದು ಅಂಕಿಗಳೇ. 2024ರಲ್ಲಿ ಜಗತ್ತು ಸೇನೆಗೆ ಹಾಕಿದ್ದು 2.72 ಲಕ್ಷ ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ 9.4 ಪರ್ಸೆಂಟ್ ಜಾಸ್ತಿ, ಶೀತಲ ಸಮರ ಮುಗಿದ ಮೇಲೆ ಒಂದೇ ವರ್ಷದಲ್ಲಿ ಇಷ್ಟು ಏರಿದ್ದೇ ಇಲ್ಲ. 2025ರ ಮೇನಲ್ಲಿ ಗಡಿಯಲ್ಲಿ ಪಾಕಿಸ್ತಾನದ ಜೊತೆ ಆ ನಾಲ್ಕು ದಿನ ಕಾದಾಟ ನಡೆದಾಗ ಟಿವಿಯಲ್ಲಿ ಎಂಥೆಂಥ ಮಾತು ಕೇಳಿದೆವು, ನೆನಪಿದೆಯಲ್ಲ. ಮರುತಿಂಗಳು ಅವರ ಸಂಪುಟ ಬಂತು. ಭಾರತದ ಹತ್ತಿರ ಸುಮಾರು 180 ಅಣ್ವಸ್ತ್ರ ಸಿಡಿತಲೆ, ಪಾಕಿಸ್ತಾನದ ಹತ್ತಿರ ಸುಮಾರು 170, ಇಡೀ ಜಗತ್ತಿನಲ್ಲಿ 12,241. ಕೂಗಾಟ ಇಲ್ಲ, ಬೈಗುಳ ಇಲ್ಲ, ಒಂದು ಕೋಷ್ಟಕ ಅಷ್ಟೇ. ಅದನ್ನು ಓದಿ ನನಗೆ ಆದ ಭಯ ಯಾವ ಟಿವಿ ಚರ್ಚೆಯಿಂದಲೂ ಆಗಿರಲಿಲ್ಲ. ಆ ಭಯ ಇರಬೇಕಾದ್ದೇ.

ಹತ್ತು ವರ್ಷ ಸಂಸ್ಥೆಯ ನಿರ್ದೇಶಕರಾಗಿದ್ದ ಡ್ಯಾನ್ ಸ್ಮಿತ್ 2025ರಲ್ಲಿ ಹುದ್ದೆ ಬಿಟ್ಟರು, ಈಗ ಈಜಿಪ್ಟಿನ ಕರೀಮ್ ಹಗ್ಗಾಗ್ ಬಂದಿದ್ದಾರೆ. ಇಬ್ಬರಿಗೂ ನಮಸ್ಕಾರ. ಹೆಸರು ಗೊತ್ತಿಲ್ಲದ, ಒಂದೊಂದು ಸಾಲು ತುಂಬಿಸುವ ಸಂಶೋಧಕರಿಗೆ ಇನ್ನೂ ದೊಡ್ಡ ನಮಸ್ಕಾರ.

ಇಲ್ಲಿಯವರ ಪೈಕಿ: ಪ್ರತಿ ಅಧ್ಯಾಯವನ್ನೂ ಪೆನ್ಸಿಲ್ ಹಿಡಿದು ಓದಿದ ನಮ್ಮ ಮೇಡಂಗೆ. ಸ್ಟ್ಯಾಕ್‌ನ ಧೂಳಿನಿಂದ ಹಳೇ ಸಂಪುಟಗಳನ್ನು ಹುಡುಕಿ ಕೊಟ್ಟು, ನನ್ನ ವೈವಾ ದಿನ ರಜೆ ಇದ್ದರೂ ಬಂದು ಹಿಂದಿನ ಸಾಲಿನಲ್ಲಿ ಕೂತ ಲೈಬ್ರರಿಯ ಅಣ್ಣಂಗೆ. ಲಾಕ್‌ಡೌನ್ ತಿಂಗಳುಗಳಲ್ಲಿ ಮಹಡಿಗೇ ಊಟ ತಂದುಕೊಟ್ಟ ಆಯಿಗೆ. ಮದುವೆ ಯಾವಾಗ ಅಂತ ಕೇಳಿದವರಿಗೆಲ್ಲ ಮೊದಲು ಓದು ಮುಗೀಲಿ ಅಂತ ನನ್ನ ಪರವಾಗಿ ಉತ್ತರ ಕೊಟ್ಟ ತಮ್ಮನಿಗೆ.

ಭಾರತದ ಆಯುಧ ಆಮದಿನ ಕೋಷ್ಟಕಗಳನ್ನು ಕನ್ನಡ ತಲೆಬರಹಗಳ ಜೊತೆ ಒಂದು ಶೀಟ್‌ನಲ್ಲಿ ಹಾಕಿಟ್ಟಿದ್ದೇನೆ, ಅಡಿಟಿಪ್ಪಣಿಗಳನ್ನೂ ಕನ್ನಡಕ್ಕೆ ತಂದಿದ್ದೇನೆ. ರಾಜ್ಯಶಾಸ್ತ್ರ ಓದುವ, ಪೇಪರ್‌ನಲ್ಲಿ ಕೆಲಸ ಮಾಡುವ ಯಾರಿಗೆ ಬೇಕಾದರೂ ಕಳಿಸುತ್ತೇನೆ, ಮೆಸೇಜ್ ಮಾಡಿ. ಮಾರ್ಚ್‌ನಲ್ಲಿ ಹೊಸ ಅಂಕಿ ಬಂದ ಕೂಡಲೇ ಅದನ್ನೂ ಸೇರಿಸುತ್ತೇನೆ.