ಡಿಪ್ಲೊಮಾ ಮುಗಿಯಿತು, ಜೊತೆಗೆ ನಿಂತವರಿಗೆಲ್ಲ ಥ್ಯಾಂಕ್ಸ್

ಕಮ್ಯುನಿಟಿ ಕಾಲೇಜಿನ ಕೃಷಿ ಡಿಪ್ಲೊಮಾ ರಿಸಲ್ಟ್ ಬಂತು. ಪಾಸಾದೆ! ಫೋನ್ ಮಾಡಿದವರ ಹತ್ತಿರ ಖುಷಿಗೆ ಸರಿಯಾಗಿ ಮಾತಾಡಲಿಕ್ಕೂ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾವ ತೀರಿಕೊಂಡ ಮೇಲೆ ಕೇರಳದ ಕಾಸರಗೋಡು ಕಡೆಯ ಬದಿಯಡ್ಕದ ತೋಟ ನನ್ನ ಕೈಗೆ ಬಂತು. ಇವರು ಗಲ್ಫಿನಲ್ಲಿ. ಈ ವಯಸ್ಸಿನಲ್ಲಿ ಓದು ಯಾಕೆ ಅಂತ ಕೇಳಿದವರು ಜಾಸ್ತಿ, "ನೀನು ಹೋಗು, ಹಟ್ಟಿ ನಾನು ನೋಡಿಕೊಳ್ತೇನೆ" ಅಂದದ್ದು ಅತ್ತೆ ಒಬ್ಬರೇ. ಮಂಡಿನೋವು ಇಟ್ಟುಕೊಂಡು ದಿನಾ ಹಾಲು ಕರೆದರು. ಅತ್ತೇ, ಈ ಸರ್ಟಿಫಿಕೇಟಿನಲ್ಲಿ ಅರ್ಧ ನಿಮ್ಮದು.

ಪಾಠ ಮಲಯಾಳದಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನನಗೆ ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಬಿಡಿಸಿ ಹೇಳಿದ್ದು ಕಾಞಂಗಾಡಿನ ಹುಡುಗಿ. ನನ್ನ ಮಗಳ ಪ್ರಾಯ, ತಾಳ್ಮೆ ಮಾತ್ರ ಅಜ್ಜಿಯದ್ದು.

ಮಣ್ಣಿನ ಪಾಠ ಮಾಡಿದ ಸರ್‌ಗೆ ನಮಸ್ಕಾರ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಅದು ಗೊಬ್ಬರದ ತೂಕ ಅಲ್ಲ, ಅದರೊಳಗಿನ ಸತ್ವದ ಲೆಕ್ಕ, 100 ಗ್ರಾಂ ಸಾರಜನಕಕ್ಕೆ ಯೂರಿಯಾ ಸುಮಾರು 217 ಗ್ರಾಂ ಬೇಕು ಅಂತ ಬೋರ್ಡಿನ ಮೇಲೆ ಗುಣಿಸಿ ತೋರಿಸಿದರು. ನಮ್ಮ ಮುರಕಲ್ಲು ಮಣ್ಣು ಹುಳಿ, ಮೊದಲು ಸುಣ್ಣ ಕೊಡಿ ಅಂತಲೂ ಅವರೇ ಹೇಳಿದ್ದು.

ಇನ್ನು ನಮ್ಮ ತೋಟಕ್ಕೆ ಮದ್ದು ಬಿಡುವ ಅಣ್ಣ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಪುಸ್ತಕದಲ್ಲಿ ಇತ್ತು: 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಇನ್ನೊಂದು 50 ಲೀಟರಿಗೆ 1 ಕಿಲೋ ಸುಣ್ಣ. ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಅಣ್ಣ ನನ್ನನ್ನು ಡ್ರಮ್ಮಿನ ಹತ್ತಿರ ನಿಲ್ಲಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸಣ್ಣಗೆ ಹೊಯ್ಯಿಸಿ, ಕೋಲಿನಿಂದ ಕದಡಿಸುತ್ತಲೇ ಇದ್ದರು. ಆಮೇಲೆ ಸೊಂಟದ ಕತ್ತಿ ಅದ್ದಿ ಎತ್ತಿದರು. ಅಲಗಿನ ಮೇಲೆ ಕೆಂಪು ಹಿಡಿದಿತ್ತು. "ಸುಣ್ಣ ಸಾಲದು ಅಕ್ಕ" ಅಂದು ಇನ್ನಷ್ಟು ಹಾಕಿಸಿ, ಕತ್ತಿ ಬೆಳ್ಳಗೆ ಬರುವವರೆಗೆ ಬಿಡಲಿಲ್ಲ. ಪರೀಕ್ಷೆಯಲ್ಲೂ ಅದೇ ಪ್ರಶ್ನೆ ಬಂತು!

ಕೃಷಿ ಭವನದವರಿಗೆ, ತೋಟದ ಬೆಳೆಗಳ ಸಂಶೋಧನಾ ಕೇಂದ್ರವಾದ ಸಿಪಿಸಿಆರ್‌ಐಗೆ ಹೋದಾಗ ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವುದನ್ನು ಬಿಡಿಸಿ ತೋರಿಸಿದವರಿಗೆ, ಪರೀಕ್ಷೆ ದಿನ ಬಸ್ ತಪ್ಪಿದಾಗ ಜೀಪಿನಲ್ಲಿ ಬಿಟ್ಟುಬಂದ ನೆರೆಮನೆಯ ಭಾವನಿಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಕನ್ನಡದಲ್ಲಿ ಬರೆದಿಟ್ಟ ನನ್ನ ನೋಟ್ಸ್ ಎಲ್ಲ ಇದೆ. ಮುಂದಿನ ಬ್ಯಾಚಿಗೆ ನಮ್ಮ ಕಡೆಯ ಹೆಂಗಸರು ಯಾರಾದರೂ ಸೇರುವುದಾದರೆ ಹೇಳಿ, ಕೊಡ್ತೇನೆ. ಕೂತು ಹೇಳಿಯೂ ಕೊಡ್ತೇನೆ.