ಕುದುರೆ ಎಲ್ಲಿದೆ ತಂಗಿ?

ಬಾಗಲಕೋಟೆ

ಪ್ರೀತಿಯ ತಂಗಿ,

ನಿನ್ನ ಲೇಖನ ಸೋಮವಾರ ಕೈಸೇರಿತು. ಎರಡು ಸಲ ಓದಿದೆ. ರಜೆಗೆ ವಿಜಯಪುರದಿಂದ ಬಾದಾಮಿಗೆ ಬಂದು, ಕುದುರೆ ಹತ್ತಿ, ಗುಡ್ಡದ ಹಾದಿ ಹಿಡಿದು ಮಹಾಕೂಟದ ಹಳೇ ಗುಡಿಗಳಿಗೆ ಹೋಗಿ ಬಂದಿದ್ದೀಯ. ಇಂಥ ದಿನ ಎಲ್ಲರಿಗೂ ಸಿಗುವುದಿಲ್ಲ. ನಿನಗೆ ಸಿಕ್ಕಿತಲ್ಲ ಅಂತ ನಿಜಕ್ಕೂ ಖುಷಿಯಾಯಿತು. ಬರವಣಿಗೆಯಲ್ಲಿ ಒಂದು ವಾಕ್ಯವೂ ತಪ್ಪಿಲ್ಲ. ಆದರೆ ಓದಿ ಮುಗಿಸಿದ ಮೇಲೆ ಹುಡುಕಿದೆ, ಕುದುರೆ ಎಲ್ಲಿ?

ಆರು ಪುಟಗಳಲ್ಲಿ ಅದು ಬರುವುದು ಮೂರೇ ಕಡೆ. ಹತ್ತುವಾಗ, ಸಾಗುವಾಗ, ಇಳಿಯುವಾಗ. ಅದೂ ಒಮ್ಮೆ ತುರಗ, ಒಮ್ಮೆ ಹಯ, ಒಮ್ಮೆ ಅಶ್ವ. ಅದರ ಬಣ್ಣ ಯಾವುದು, ಗಂಡೋ ಹೆಣ್ಣೋ, ಗೊತ್ತಾಗಲಿಲ್ಲ. ಅದರ ಜೊತೆ ನಡೆದು ಬಂದ ಹುಡುಗ ಒಂದು ಮಾತೂ ಆಡುವುದಿಲ್ಲ.

ಅದೇ ದಿನ ರಾತ್ರಿ ನೀನು ಫೋನಿನಲ್ಲಿ ಹೇಳಿದ್ದು ನೆನಪಿದೆಯಾ? ಮಹಾಕೂಟದಲ್ಲಿ ಇಳಿದು ಕೂತಾಗ ಆ ಕುದುರೆ ಹಿಂದಿನಿಂದ ಬಂದು ನಿನ್ನ ರೊಟ್ಟಿ ಚೀಲಕ್ಕೆ ಮೂತಿ ಹಾಕಿತು ಅಂದೆ. ಮೂಗು ಬೆಚ್ಚಗೆ, ಮೆತ್ತಗೆ ಇತ್ತು, ನೆನೆಸಿದ ಹುರುಳಿ ವಾಸನೆ ಬರ್ತಿತ್ತು ಅಂದೆ. ಮರುದಿನ ತೊಡೆ ನೋವಿಗೆ ಮೆಟ್ಟಿಲು ಇಳಿಯಲಾಗಲಿಲ್ಲ ಅಂತಲೂ ಹೇಳಿದೆ. ನಾನು ಫೋನ್ ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಲೇಖನದಲ್ಲಿ ಇದ್ಯಾವುದೂ ಇಲ್ಲ. ಅದರ ಬದಲು ಸೂರ್ಯಾಸ್ತದ ರಮಣೀಯ ದೃಶ್ಯ ಇದೆ. ಅದನ್ನು ತೆಗೆದುಹಾಕು. ಆ ಮೂತಿಯನ್ನು ಬರಿ.

ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. ನಾನೂ ಇದೇ ಹಾದಿಯಲ್ಲಿ ಹೋಗಿದ್ದೆ, ಇದೇ ತಪ್ಪು ಮಾಡಿದ್ದೆ.

ಆಗ ನನಗೆ 24 ವರ್ಷ. ದೀಪಾವಳಿ ರಜೆ. ಬಾದಾಮಿ ಸ್ಟೇಷನ್ನಿನಿಂದ ಊರಿಗೆ ಟಾಂಗಾ ಹೊಡೆಯುತ್ತಿದ್ದ ಒಬ್ಬ ಕಾಕಾನ ಹತ್ತಿರ ಹೀರಾ ಅನ್ನುವ ಕಂದು ಹೆಣ್ಣು ಕುದುರೆ ಇತ್ತು. ಬೆಳಗ್ಗೆ ಅದರ ಬೆನ್ನಿಗೆ ಗೋಣಿ ಹಾಸಿದ, ಜೀನು ಇಟ್ಟ, ಹೊಟ್ಟೆ ಪಟ್ಟಿ ಬಿಗಿದ. ನಾನು ಕಾಲು ಎತ್ತಿದೆ. ಕಾಕಾ ತಡೆದ.

“ಈಗ ಹತ್ತಬ್ಯಾಡ್ರಿ. ಅದು ಉಸುರ ಹಿಡದೈತಿ, ಹೊಟ್ಟಿ ಉಬ್ಬಿಸಿ ನಿಂತೈತಿ. ಸ್ವಲ್ಪ ನಡೀಲಿ. ಆಮ್ಯಾಲೆ ಇನ್ನೊಮ್ಮೆ ಬಿಗಿತೇನಿ.”

ಊರ ಹೊರಗೆ ಬನ್ನಿ ಮರದ ಕೆಳಗೆ ನಿಲ್ಲಿಸಿದ. ಬಿಗಿಯಾಗಿದ್ದ ಪಟ್ಟಿಯ ಕೆಳಗೆ ಈಗ ಅವನ ಮೂರು ಬೆರಳು ಸಲೀಸಾಗಿ ಹೋದವು. ಎರಡು ತೂತು ಒಳಕ್ಕೆ ಎಳೆದು ಬಕ್ಕಲ್ ಹಾಕಿದ. ಹಾಗೇ ಹತ್ತಿದ್ದರೆ ಗುಡ್ಡದ ಏರಿನಲ್ಲಿ ಜೀನು ಹೊರಳಿ, ನಾನು ಬಂಡೆ ಮೇಲೆ ಬೀಳುತ್ತಿದ್ದೆ. ಹೀರಾ ಕಿವಿ ಹಿಂದಕ್ಕೆ ತಿರುಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಆ ಗುಡ್ಡ ನೀನೂ ನೋಡಿದ್ದೀಯ. ಕೆಂಪು ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರು ಆಡಿದ ಅಲೆಯ ಗುರುತು ಕೆಲವು ಬಂಡೆಗಳ ಮೇಲೆ ಇನ್ನೂ ಹಾಗೇ ಇದೆ. ಅಂಥದ್ದೊಂದು ಇಳಿಜಾರು ಬಂಡೆಯ ಮೇಲೆ ಲಾಳ ಚರ್ ಅಂತ ಜಾರಿತು. ನಾನು ಹೆದರಿ ಲಗಾಮು ಜಗ್ಗಿದೆ. ಹೀರಾದ ತಲೆ ಮೇಲಕ್ಕೆ ಹೋಯಿತು, ನಾಲ್ಕೂ ಕಾಲು ನಡುಗಿದವು. ಕಾಕಾ ಜೋರು ಮಾಡಲಿಲ್ಲ. “ಸಡ್ಲ ಬಿಡ್ರಿ ಸರ. ಅದು ನೆಲಾ ನೋಡಬೇಕ” ಅಂದ. ಬಿಟ್ಟೆ. ಹೀರಾ ತಲೆ ತಗ್ಗಿಸಿ, ಮೂಗು ಬಂಡೆಗೆ ತಾಗುವಷ್ಟು ಬಾಗಿ, ಒಂದೊಂದೇ ಕಾಲು ಊರಿ ಇಳಿಯಿತು. ಹಿಂದಕ್ಕೆ ವಾಲಿ ಕೂತಿದ್ದ ನನಗೆ ಅದರ ಬೆನ್ನ ಸ್ನಾಯು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುವುದು ಜೀನಿನೊಳಗಿಂದ ಗೊತ್ತಾಗುತ್ತಿತ್ತು.

ಊರಿಗೆ ಬಂದು ಏನು ಬರೆದೆ ಗೊತ್ತಾ? ಚಾಲುಕ್ಯರ ವೈಭವ. ಪೂರ್ತಿ ಒಂದು ಪುಟ ಪತ್ರಿಕೆಯಲ್ಲಿ ಬಂತು. ಅದನ್ನು ಹಿಡಿದುಕೊಂಡು ಕಾಕಾನ ಮನೆಗೆ ಹೋದೆ. ಅವನ ಮಗ ಓದಿ ಹೇಳಿದ. ಕಾಕಾ ಕೊನೆವರೆಗೂ ಕೇಳಿ, “ಚೊಲೊ ಬರದೀರಿ. ಹೀರಾ ಎಲ್ಲಿ ಐತ್ರಿ ಇದ್ರಾಗ?” ಅಂತ ಕೇಳಿದ. ನನಗೆ ಉತ್ತರ ಕೊಡಲಾಗಲಿಲ್ಲ. ಇವತ್ತಿಗೂ ಆ ಪ್ರಶ್ನೆ ಕಿವಿಯಲ್ಲಿದೆ.

ಇತಿಹಾಸ ಬರೀಬೇಡ ಅಂತ ನಾನು ಹೇಳುತ್ತಿಲ್ಲ. ಬಾದಾಮಿಗೆ ಹೋಗಿ ಅದನ್ನು ಬಿಡೋದು ಹೇಗೆ? ಅದು ಬರುವ ಜಾಗ ನೋಡು. ಕೋಟೆ ಬಂಡೆಯ ಮೇಲಿರುವ ಕ್ರಿ.ಶ. 543ರ ಶಾಸನವನ್ನು ನೀನು ಮೊದಲ ಸಾಲಿಗೇ ತಂದು, ಇಸವಿ ಹೇಳಿ ಬಿಟ್ಟಿದ್ದೀಯ. ಕೋಟೆ ಕಟ್ಟಿಸಿದ ಒಂದನೇ ಪುಲಕೇಶಿ ಅಶ್ವಮೇಧ ಮಾಡಿದವನು ಅಂತ ಅದೇ ಶಾಸನ ಹೇಳುತ್ತದೆ. ನೀನು ಆಗ ಅದೇ ಗುಡ್ಡಗಳಲ್ಲಿ ಕುದುರೆ ಮೇಲೆ ಕೂತಿದ್ದೆ! ಕುದುರೆಯ ಕುತ್ತಿಗೆ ಮೇಲೆ ಕೈ ಇಟ್ಟ ಹೊತ್ತಿನಲ್ಲಿ ಆ ಮಾತು ಬರಲಿ. ಆಗ ಓದುವವನಿಗೂ ಮೈ ಜುಮ್ ಅನ್ನುತ್ತದೆ.

ಇನ್ನೊಂದು. ಮಹಾಕೂಟದಲ್ಲಿ ಚಾಲುಕ್ಯ ದೊರೆ ಮಂಗಳೇಶನ ಕಾಲದ ಶಾಸನ ಸ್ತಂಭ ನೋಡಿದೆ ಅಂತ ಬರೆದಿದ್ದೀಯ. ಅದು ಈಗ ಅಲ್ಲಿಲ್ಲ. ನಿಮ್ಮ ವಿಜಯಪುರದಲ್ಲೇ, ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿದೆ. ಯಾವುದೋ ಪುಸ್ತಕದಿಂದ ಎತ್ತಿಕೊಂಡಿರಬೇಕು. ಕಾಣದ್ದನ್ನು ಕಂಡೆ ಅಂತ ಬರೀಬೇಡ ತಂಗಿ. ಒಂದು ಕಡೆ ಹಾಗಾದರೆ ಉಳಿದದ್ದನ್ನೂ ನಂಬೋದು ಕಷ್ಟ. ಭಾನುವಾರ ಹೋಗಿ ಆ ಕಂಬದ ಮುಂದೆ ಸುಮ್ನೆ ಹತ್ತು ನಿಮಿಷ ನಿಲ್ಲು. ಇದು ಇದ್ದ ಜಾಗದಲ್ಲಿ ನಾನು ರೊಟ್ಟಿ ತಿಂದು ಬಂದೆ ಅನ್ನಿಸಿದರೆ, ಅದನ್ನು ಬರಿ.

ಮಾತುಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ತುರಗ, ಹಯ ಬಿಡು, ಕುದುರೆ ಸಾಕು. ಜೀನು, ಲಗಾಮು, ಲಾಳ ಅಂತ ಆ ಹುಡುಗ ದಿನಾ ಅನ್ನುತ್ತಾನಲ್ಲ, ಅವೇ ಇರಲಿ. ಗೊತ್ತಿಲ್ಲದ್ದನ್ನು ಅವನಿಗೇ ಕೇಳು. ಅವನ ನಂಬರ್ ನಿನ್ನ ಹತ್ತಿರ ಇದೆಯಲ್ಲ.

ನಾನು ಎರಡನೇ ಸಲ ಬರೆದದ್ದು ಎಲ್ಲೂ ಅಚ್ಚಾಗಲಿಲ್ಲ. ಎಂಟು ಪುಟ, ಪೂರ್ತಿ ಹೀರಾನೇ. ಅದನ್ನು ಕಾಕಾನ ಮನೆಯ ಕಟ್ಟೆ ಮೇಲೆ ಕೂತು ನಾನೇ ಓದಿದೆ. ಪಟ್ಟಿ ಬಿಗಿದ ಜಾಗ ಬಂದಾಗ ಕೈ ಎತ್ತಿ ನಿಲ್ಲಿಸಿದ. “ಬೇವಿನ ಗಿಡ ಅಲ್ರಿ ಅದು. ಬನ್ನಿ ಗಿಡ.” ಅಲ್ಲೇ ಪೆನ್ನು ತೆಗೆದು ತಿದ್ದಿದೆ. “ಹಾಂ, ಈಗ ಮುಂದ ಓದ್ರಿ” ಅಂದ.

ನೀನು ಮತ್ತೆ ಬರೆದ ಮೇಲೆ ಮೊದಲು ನನಗೆ ಕಳಿಸಬೇಡ. ಆ ಹುಡುಗನಿಗೆ ಫೋನ್ ಮಾಡಿ ಓದಿ ಹೇಳು.

ಪ್ರೀತಿಯಿಂದ,
ನಿನ್ನ ಅಣ್ಣ