ಲ್ಯಾಬ್ ತೋರಿಸಿದಿರಿ, ಮುಟ್ಟಲು ಬಿಡಲಿಲ್ಲ

ಇಂದ,
ವಿಜ್ಞಾನ ಶಿಕ್ಷಕಿ,
ಸರ್ಕಾರಿ ಪ್ರೌಢಶಾಲೆ,
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ

ಗೆ,
ಸಂಯೋಜಕರು,
ಪ್ರೌಢಶಾಲಾ ಮಕ್ಕಳ ಬೇಸಿಗೆ ವಿಜ್ಞಾನ ಮತ್ತು ಕಲಾ ತರಗತಿಗಳು,
ಬೆಂಗಳೂರು

ಪ್ರತಿ: ಕುಲಸಚಿವರ ಕಚೇರಿಗೆ

ವಿಷಯ: ಹೇಳಿದ ತರಗತಿಗಳನ್ನು ನಡೆಸದೇ ಇರುವುದು, ಲ್ಯಾಬ್ ಶುಲ್ಕ ವಾಪಸ್ ಮಾಡುವುದು ಮತ್ತು ಬಾಕಿ ಪ್ರಯೋಗಗಳನ್ನು ಮಾಡಿಸಿಕೊಡುವ ಕುರಿತು.

ಮಾನ್ಯರೇ,

ಈ ಏಪ್ರಿಲ್‌ನಲ್ಲಿ ನಿಮ್ಮ ವಿಶ್ವವಿದ್ಯಾಲಯದಲ್ಲಿ ನಡೆದ ಎರಡು ವಾರಗಳ ಬೇಸಿಗೆ ತರಗತಿಗೆ ನಮ್ಮ ಶಾಲೆಯಿಂದ ನಾಲ್ಕು ಮಕ್ಕಳನ್ನು ಕಳಿಸಿದ್ದೆವು. ಎಲ್ಲರೂ ಒಂಬತ್ತನೇ ತರಗತಿ ಮುಗಿಸಿದವರು. ಊಟ, ಹಾಸ್ಟೆಲ್ ಸೇರಿ ಒಬ್ಬೊಬ್ಬರಿಗೆ ₹11,500. ಈ ಹಣ ಮಕ್ಕಳ ಮನೆಯಿಂದ ಬಂದದ್ದಲ್ಲ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಕೊಟ್ಟದ್ದು. ಅವರಲ್ಲಿ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರಿದ್ದಾರೆ, ಆಟೋ ಓಡಿಸುವವರಿದ್ದಾರೆ. ‘ನಮಗಂತೂ ಲ್ಯಾಬ್ ಸಿಗಲಿಲ್ಲ, ಇವರಾದ್ರೂ ನೋಡಲಿ ಮಿಸ್’ ಅಂತ ಹೇಳಿ ಕೊಟ್ಟ ದುಡ್ಡು ಅದು. ಅದಕ್ಕೆ ಲೆಕ್ಕ ಕೇಳುವುದು ನನ್ನ ಜವಾಬ್ದಾರಿ.

ಬೇಸಿಗೆ ಶಿಬಿರಗಳಿಗೇನು ಕೊರತೆಯಿಲ್ಲ. ನಿಮ್ಮದನ್ನೇ ಆರಿಸಿದ್ದಕ್ಕೆ ಕಾರಣ ನಿಮ್ಮ ಕರಪತ್ರ. ಮಕ್ಕಳೇ ಕೈಯಾರೆ ಪ್ರಯೋಗ ಮಾಡುತ್ತಾರೆ, ಒಂದು ಬ್ಯಾಚಿಗೆ ಇಪ್ಪತ್ತೇ ಮಕ್ಕಳು, ದಿನಕ್ಕೆ ಮೂರು ಗಂಟೆ ಲ್ಯಾಬ್ ಅಥವಾ ಕಲಾ ಕೊಠಡಿ ಎಂದು ಅದರಲ್ಲಿ ಅಚ್ಚಾಗಿದೆ. ಒಟ್ಟು ಶುಲ್ಕದಲ್ಲಿ ₹3,500 ‘ಲ್ಯಾಬ್ ಮತ್ತು ಸಾಮಗ್ರಿ ಶುಲ್ಕ’ ಎಂದು ರಸೀದಿಯಲ್ಲೇ ಬೇರೆಯಾಗಿ ತೋರಿಸಿದ್ದೀರಿ. ನಮ್ಮ ಶಾಲೆಯಲ್ಲಿ ಇರುವುದು ಒಂದೇ ಮೈಕ್ರೋಸ್ಕೋಪ್. ಅದರ ಲೆನ್ಸಿಗೂ ಬೂಷ್ಟು ಹಿಡಿದಿದೆ. ಪಾಠದ ಮಾತು ನಾನೂ ಹೇಳಬಲ್ಲೆ. ನನ್ನ ಕೈಲಾಗದ್ದು ಮಕ್ಕಳ ಕೈಗೆ ಒಳ್ಳೆಯ ಉಪಕರಣ ಕೊಡುವುದು. ಅದು ನಿಮ್ಮಲ್ಲಿ ಸಿಗುತ್ತದೆ ಅಂತ ನಂಬಿ ಕಳಿಸಿದೆ.

ವಾಪಸ್ ಬಂದ ಮೇಲೆ ನಾಲ್ವರ ನೋಟ್ ಪುಸ್ತಕವನ್ನೂ ಹರಡಿಕೊಂಡು ಕೂತೆ. ಪುಟದ ತುಂಬಾ ಸ್ಲೈಡಿನಿಂದ ಬರೆದುಕೊಂಡ ಸಾಲುಗಳು. ‘ನಾವು ಕಂಡದ್ದು’ ಎಂದು ನೀವೇ ಮುದ್ರಿಸಿಕೊಟ್ಟ ಕಾಲಂ ಒಂದು ಪುಟ ಬಿಟ್ಟರೆ ಉಳಿದ ಎಲ್ಲ ಕಡೆ ಖಾಲಿ. ಇಪ್ಪತ್ತರ ಬ್ಯಾಚ್ ಇರಲೇ ಇಲ್ಲ. ಎಂಬತ್ತರಷ್ಟು ಮಕ್ಕಳನ್ನು ಒಟ್ಟಿಗೆ ಸಭಾಂಗಣದಲ್ಲಿ ಕೂರಿಸಿ ಪರದೆ ಮೇಲೆ ವಿಡಿಯೊ ತೋರಿಸಿದ್ದೀರಿ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂಬುದನ್ನೂ ವಿಡಿಯೊದಲ್ಲೇ! ಆರತಿ ತಟ್ಟೆಯ ಕೆಂಪು ನೀರು ನಮ್ಮ ಮಕ್ಕಳು ತೊಟ್ಟಿಲ ಕಾಲದಿಂದ ನೋಡಿದ್ದು. ಅವರಿಗೆ ಬೇಕಿದ್ದದ್ದು ಅದರ ಮುಂದಿನ ಹೆಜ್ಜೆ. ಅದೇ ಕೆಂಪು ನೀರಿಗೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ ಯಾಕಾಗುತ್ತದೆ? ಸೋಪಿನ ನೀರಿಗೆ ಏನಾಗುತ್ತದೆ, ಮಜ್ಜಿಗೆಗೆ ಏನಾಗುತ್ತದೆ? ಕೈಯಲ್ಲಿ ಒಂದು ಲೋಟ, ಒಂದು ಚಮಚ ಕೊಟ್ಟಿದ್ದರೆ ಅವರೇ ಹತ್ತು ಪದಾರ್ಥ ಹುಡುಕಿ ಹಾಕಿ ನೋಡುತ್ತಿದ್ದರು. ಇದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ.

‘ಸೂರ್ಯನ ಬೆಳಕಲ್ಲಿ ನೀಲಿ ಚಿತ್ರ’ ಎಂಬ ತರಗತಿಗೆ ನಾನೇ ಜಾಸ್ತಿ ಆಸೆ ಇಟ್ಟುಕೊಂಡಿದ್ದೆ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ ಇದು. ಕಬ್ಬಿಣದ ಎರಡು ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು, ಒಣಗಿಸಿ, ಮೇಲೊಂದು ಎಲೆ ಇಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದರೆ ಗಾಢ ನೀಲಿಯ ನಡುವೆ ಎಲೆಯ ಬಿಳಿ ಅಚ್ಚು ಮೂಡುತ್ತದೆ. ಮಾರನೇ ವರ್ಷವೇ ಆನಾ ಆಟ್ಕಿನ್ಸ್ ಎಂಬ ಮಹಿಳೆ ಇದೇ ವಿಧಾನದಲ್ಲಿ ಪಾಚಿಗಳ ಚಿತ್ರ ಮಾಡಿ ಪುಸ್ತಕವಾಗಿ ಹೊರತರಲು ಶುರುಮಾಡಿದರು. ವಿಜ್ಞಾನವೂ ಹೌದು, ಕಲೆಯೂ ಹೌದು. ಎರಡನ್ನೂ ಸೇರಿಸಿ ಕಲಿಸುತ್ತೇವೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಏಪ್ರಿಲ್ ಬಿಸಿಲಿಗೂ ಕೊರತೆ ಇರಲಿಲ್ಲ. ಆದರೆ ಮಕ್ಕಳಿಗೆ ಸಿಕ್ಕಿದ್ದು ಮೊದಲೇ ಯಾರೋ ಮಾಡಿಟ್ಟಿದ್ದ ಒಂದು ಹಾಳೆ, ಸಾಲಿನಲ್ಲಿ ಕೈಯಿಂದ ಕೈಗೆ.

ಈಗ ಏಪ್ರಿಲ್ 24ರ ವಿಷಯಕ್ಕೆ ಬರುತ್ತೇನೆ. ನನಗೆ ತುಂಬಾ ನೋವಾಗಿದ್ದು ಅವತ್ತು.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ. ಮಧ್ಯಾಹ್ನ 12 ಗಂಟೆ 17 ನಿಮಿಷದ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ, ನೆಟ್ಟ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ನಿಮ್ಮ ವೇಳಾಪಟ್ಟಿಯಲ್ಲೂ ಅದು ಇತ್ತು. ನಮ್ಮ ಮಧುಗಿರಿ ಬೆಂಗಳೂರಿಗಿಂತ ಉತ್ತರಕ್ಕಿರುವುದರಿಂದ ನಮಗೆ ಆ ದಿನ ಬರುವುದು ಒಂದೆರಡು ದಿನ ತಡವಾಗಿ. ಅಂದರೆ ಬೆಂಗಳೂರಿನಲ್ಲಿ ನೆರಳಿಲ್ಲದ ಹೊತ್ತಿಗೆ ನಮ್ಮಲ್ಲಿ ಒಂದು ಮೀಟರ್ ಕೋಲಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ನೆರಳು ಬೀಳಬೇಕು. ಆ ಪುಟ್ಟ ನೆರಳು ಮತ್ತು ಎರಡು ಊರುಗಳ ಉತ್ತರ-ದಕ್ಷಿಣ ದೂರ, ಇವೆರಡೇ ಸಾಕು, ಭೂಮಿಯ ಸುತ್ತಳತೆಯನ್ನು ಅಂದಾಜು ಮಾಡಬಹುದು. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದೂ ಇದನ್ನೇ.

ಮಕ್ಕಳು ಹೊರಡುವ ಮುಂಚೆಯೇ ನಾವು ಮಾತಾಡಿಕೊಂಡಿದ್ದೆವು. ಅಲ್ಲಿ ಅವರು ಅಳೆಯುವುದು, ಇಲ್ಲಿ ನಾನು ಅಳೆಯುವುದು. ಅವತ್ತು ಶಾಲೆಯ ಅಂಗಳದಲ್ಲಿ ರಸಮಟ್ಟ ಹಿಡಿದು ಕೋಲು ನೆಟ್ಟಗಿದೆಯಾ ಅಂತ ನೋಡಿ, ಕೆಳಗೆ ಡ್ರಾಯಿಂಗ್ ಹಾಳೆ ಹಾಸಿ, ನಿಮಿಷಕ್ಕೊಂದು ಗುರುತು ಹಾಕುತ್ತಾ ನಿಂತೆ. ರಜೆಯಲ್ಲಿದ್ದ ಊರಿನ ಮಕ್ಕಳೂ ಸುತ್ತ ಸೇರಿಕೊಂಡರು. ನನ್ನ ಹಾಳೆ ಈಗಲೂ ಇದೆ. ಅವರ ಹಾಳೆ ಇಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ನೀವು ಮಕ್ಕಳನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ನಿಮ್ಮ ಕೋರ್ಸುಗಳ ಬಗ್ಗೆ, ಸೀಟುಗಳ ಬಗ್ಗೆ, ಪ್ಲೇಸ್‌ಮೆಂಟ್ ಬಗ್ಗೆ ಭಾಷಣ ಮಾಡಿಸುತ್ತಿದ್ದಿರಿ. ನಮ್ಮ ಹುಡುಗಿಯೊಬ್ಬಳು ಎದ್ದು ನಿಂತು ‘ಸರ್, ನೆರಳು ನೋಡಬೇಕಿತ್ತು’ ಅಂದಿದ್ದಾಳೆ. ‘ಆಮೇಲೆ ಫೋಟೊ ಕಳಿಸ್ತೀವಿ ಕೂತ್ಕೊಮ್ಮ’ ಅಂದರಂತೆ. ಸೂರ್ಯನಿಗೆ ‘ಆಮೇಲೆ’ ಇದೆಯೇ ಸರ್? ಭಾಷಣವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಬಹುದಿತ್ತು. ಹತ್ತನೇ ತರಗತಿಗೆ ಈಗ ಕಾಲಿಡುತ್ತಿರುವ ಮಕ್ಕಳಿಗೆ ಪ್ಲೇಸ್‌ಮೆಂಟ್ ಕಥೆ ಅಷ್ಟು ಅವಸರವೂ ಅಲ್ಲ.

ಕಲಾ ತರಗತಿಗಳ ಪಾಡೂ ಹೆಚ್ಚುಕಮ್ಮಿ ಇದೇ. ಜೇಡಿಮಣ್ಣಿನ ತರಗತಿ ಮಾತ್ರ ಚೆನ್ನಾಗಿ ನಡೆದಿದೆ, ಮಕ್ಕಳು ಖುಷಿಯಿಂದ ಹೇಳುತ್ತಾರೆ. ಮೃದಂಗದ ತರಗತಿ ಎರಡು ಗಂಟೆಯದ್ದು, ನಡೆದದ್ದು ಅರ್ಧ ಗಂಟೆ. ಬಂದಿದ್ದ ವಿದ್ವಾಂಸರು ಪಾಪ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಬಲಗಡೆಯ ಚರ್ಮದ ನಡುವೆ ಮೆತ್ತಿರುವ ಕಪ್ಪು ಕರಣೆಯನ್ನು ಮುಟ್ಟಿಸಿ ಹೇಳಲು ಶುರು ಮಾಡಿದ್ದರಂತೆ. ಅಷ್ಟರಲ್ಲಿ ವಿಡಿಯೊ ಶೂಟಿಂಗ್ ಇದೆ ಅಂತ ಎಬ್ಬಿಸಿದಿರಿ. ಆ ಕರಣೆಯಲ್ಲೇ ಒಂದು ದೊಡ್ಡ ಪಾಠವಿದೆ. ಬರೀ ಚರ್ಮ ಬಿಗಿದ ವಾದ್ಯದ ಉಪಸ್ವರಗಳು, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಇತರ ಸ್ವರಗಳು, ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಕರಣೆಯ ಭಾರ ಬಿದ್ದಾಗ ಅವುಗಳ ಕಂಪನ ಮೂಲ ಸ್ವರದ ಎರಡರಷ್ಟು, ಮೂರರಷ್ಟು ಅಂತ ಸಾಲಿಗೆ ಬರುತ್ತದೆ. ಅದಕ್ಕೇ ಮೃದಂಗವನ್ನು ಶ್ರುತಿಗೆ ಕೂರಿಸಲು ಆಗುವುದು. ಸಿ.ವಿ. ರಾಮನ್ ಅವರು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇದರ ಬಗ್ಗೆಯೇ. ರಾಮನ್ ಮುಂದೆ ಬಂದು ನೆಲೆಸಿದ ಊರಲ್ಲಿ, ಮೃದಂಗವೂ ವಿದ್ವಾಂಸರೂ ಮಕ್ಕಳೂ ಒಂದೇ ಕೋಣೆಯಲ್ಲಿದ್ದಾಗ, ಆ ಪಾಠವನ್ನು ಅರ್ಧಕ್ಕೆ ನಿಲ್ಲಿಸಿದಿರಿ.

ಆ ಶೂಟಿಂಗ್ ಬಗ್ಗೆಯೂ ಹೇಳಲೇಬೇಕು. ಮಕ್ಕಳನ್ನೆಲ್ಲ ಒಟ್ಟಿಗೆ ಲ್ಯಾಬಿಗೆ ಕರೆದುಕೊಂಡು ಹೋದದ್ದು ಅವತ್ತೊಂದೇ ದಿನ. ಬಿಳಿ ಕೋಟು ಹಾಕಿಸಿ, ಬಣ್ಣದ ನೀರು ತುಂಬಿದ ಪ್ರನಾಳ ಕೈಗೆ ಕೊಟ್ಟು, ಅದನ್ನೇ ಆಶ್ಚರ್ಯದಿಂದ ನೋಡುವಂತೆ ಹೇಳಿ ವಿಡಿಯೊ ಮಾಡಿದ್ದೀರಿ. ಮೈಕ್ರೋಸ್ಕೋಪುಗಳು ಪ್ಲಾಸ್ಟಿಕ್ ಕವರಿನೊಳಗೇ ಇದ್ದವು. ‘ಸಾಲಾಗಿ ಹನ್ನೆರಡು ಇದ್ವು ಮಿಸ್, ಒಂದನ್ನೂ ಮುಟ್ಟೋಕೆ ಬಿಡ್ಲಿಲ್ಲ’ ಅಂತ ಹುಡುಗ ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಆ ವಿಡಿಯೊ ಈಗ ನಿಮ್ಮ ಪ್ರವೇಶದ ಜಾಹೀರಾತಿನಲ್ಲಿ ಓಡುತ್ತಿದೆ. ಅದರಲ್ಲಿ ನಮ್ಮ ಇಬ್ಬರು ಮಕ್ಕಳ ಮುಖ ಇದೆ. ಅವರ ತಂದೆ-ತಾಯಿಯನ್ನು ಯಾರೂ ಕೇಳಿಲ್ಲ. ಪ್ರಮಾಣಪತ್ರದಲ್ಲಿ ‘ಪ್ರಾಯೋಗಿಕ ತರಬೇತಿ ಪೂರೈಸಿದ್ದಾರೆ’ ಎಂದು ಬರೆದುಕೊಟ್ಟಿದ್ದೀರಿ. ಮಾಡದ ಪ್ರಯೋಗಕ್ಕೆ ಪ್ರಮಾಣಪತ್ರ ತೋರಿಸು ಅಂತ ನಾನು ನನ್ನ ಮಕ್ಕಳಿಗೆ ಹೇಗೆ ಹೇಳಲಿ?

ಇನ್ನೊಂದು ಮಾತು. ನೋಟ್ ಪುಸ್ತಕದಲ್ಲಿ ತುಂಬಿದ್ದ ಆ ಒಂದು ಪುಟದಲ್ಲಿ ಈರುಳ್ಳಿ ಪೊರೆಯ ಜೀವಕೋಶದ ಚಿತ್ರ ಇದೆ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಒಂದೊಂದರಲ್ಲೂ ಕೋಶಕೇಂದ್ರದ ಚುಕ್ಕೆ, ಅಂಚಿನಲ್ಲಿ ಒಂದು ಗಾಳಿಗುಳ್ಳೆ. ಪುಸ್ತಕ ನೋಡಿ ಬರೆದ ಚಿತ್ರದಲ್ಲಿ ಗಾಳಿಗುಳ್ಳೆ ಇರುವುದಿಲ್ಲ, ಅಲ್ವಾ? ಸಂಜೆ ಹೊತ್ತು ನಿಮ್ಮ ಲ್ಯಾಬ್ ಅಟೆಂಡರ್ ಒಬ್ಬರು, ಬಾಗಿಲ ಬಳಿ ನಿಂತಿದ್ದ ಮಕ್ಕಳನ್ನು ಒಳಗೆ ಕರೆದು, ಅಡುಗೆ ಮನೆಯಿಂದ ಈರುಳ್ಳಿ ತರಿಸಿ, ಅಯೋಡಿನ್ ಹಾಕಿ ತೋರಿಸಿದರಂತೆ. ಎರಡು ವಾರದಲ್ಲಿ ಮಕ್ಕಳು ನಿಜವಾಗಿ ಕಲಿತ ಪ್ರಯೋಗ ಅದು. ದಯವಿಟ್ಟು ಈ ಪತ್ರದಿಂದ ಅವರಿಗೆ ತೊಂದರೆ ಆಗಬಾರದು. ನಿಮ್ಮಲ್ಲಿ ಎಲ್ಲವೂ ಇತ್ತು, ಮನಸ್ಸೊಂದು ಇರಬೇಕಿತ್ತು ಅನ್ನುವುದಕ್ಕೆ ಅವರೇ ಸಾಕ್ಷಿ.

ಫೋನ್ ಮಾಡಿದಾಗ ನಿಮ್ಮ ಕಚೇರಿಯವರು ಎರಡು ಉತ್ತರ ಕೊಟ್ಟರು. ಒಂದು, ಇದು ಮಕ್ಕಳಿಗೆ ವಿಶ್ವವಿದ್ಯಾಲಯ ಪರಿಚಯಿಸುವ ಕಾರ್ಯಕ್ರಮ ಅಷ್ಟೇ. ಹಾಗಿದ್ದರೆ ಲ್ಯಾಬ್ ಶುಲ್ಕ ಯಾಕೆ ತೆಗೆದುಕೊಂಡಿರಿ? ಭಾರತೀಯ ವಿಜ್ಞಾನ ಸಂಸ್ಥೆಯವರು ಓಪನ್ ಡೇ ಅಂತ ಇಡೀ ಕ್ಯಾಂಪಸ್ಸನ್ನೇ ಜನರಿಗೆ ಪುಕ್ಕಟೆ ತೆರೆದಿಡುತ್ತಾರೆ. ಪರಿಚಯಕ್ಕೆ ಅಷ್ಟು ಸಾಕು. ಇನ್ನೊಂದು, ಕಟ್ಟಿದ ಶುಲ್ಕ ವಾಪಸ್ ಇಲ್ಲ ಅಂತ ಅರ್ಜಿಯಲ್ಲೇ ಇದೆ. ನಾನೂ ಓದಿದ್ದೇನೆ. ಅದು ನಡುವೆ ಬಿಟ್ಟುಹೋಗುವ ಮಗುವಿಗೆ ಅನ್ವಯಿಸುವ ಮಾತು. ನಮ್ಮ ಮಕ್ಕಳು ಒಂದು ದಿನವೂ ತಪ್ಪಿಸಿಲ್ಲ. ತಪ್ಪಿಸಿದ್ದು ನೀವು.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ನಾಲ್ಕು ಮಕ್ಕಳ ಲ್ಯಾಬ್ ಶುಲ್ಕ ₹14,000 ವಾಪಸ್ ಮಾಡಿ. ಊಟ, ಹಾಸ್ಟೆಲ್ಲಿನ ಹಣ ಕೇಳುತ್ತಿಲ್ಲ, ಆ ವ್ಯವಸ್ಥೆ ಚೆನ್ನಾಗಿತ್ತು. ಜಾಹೀರಾತಿನಿಂದ ನಮ್ಮ ಮಕ್ಕಳ ದೃಶ್ಯ ತೆಗೆಯಿರಿ. ಸುರಕ್ಷತೆಗೆಂದು ಪಡೆದ ಪೋಷಕರ ನಂಬರುಗಳಿಗೆ ಪ್ರವೇಶದ ಕರೆ ಮಾಡುವುದನ್ನು ನಿಲ್ಲಿಸಿ. ಕೂಲಿಗೆ ಹೋದ ಹೊತ್ತಲ್ಲಿ ಶಿಬಿರದ ನಂಬರಿನಿಂದ ಫೋನ್ ಬಂದರೆ ಮಗುವಿಗೇನಾಯಿತೋ ಅಂತ ಆ ತಾಯಂದಿರು ಗಾಬರಿಯಾಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಬಾಕಿ ಉಳಿದ ಪ್ರಯೋಗಗಳನ್ನು ಮಾಡಿಸಿ. ಶೂನ್ಯ ನೆರಳು ಬೆಂಗಳೂರಿಗೆ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಬರುತ್ತದೆ. ಅವತ್ತು ಮಕ್ಕಳನ್ನು ನಾನೇ ಕರೆದುಕೊಂಡು ಬರುತ್ತೇನೆ, ಬಸ್ ಖರ್ಚು ನಮ್ಮದೇ. ಮಳೆಗಾಲ, ಮೋಡ ಕವಿಯಬಹುದು. ಕವಿದರೆ ಇಡೀ ದಿನ ಲ್ಯಾಬಿನಲ್ಲಿ ಕಳೆಯಲು ಬಿಡಿ. ಆ ಅಟೆಂಡರ್ ಅವರೇ ಕಲಿಸಿದರೂ ಸರಿ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬಾರದಿದ್ದರೆ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಯಲ್ಲಿ ದೂರು ದಾಖಲಿಸಿ, ತಪ್ಪು ದಾರಿಗೆಳೆಯುವ ಜಾಹೀರಾತಿನ ವಿಷಯವಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮುಂದುವರಿಯುತ್ತೇವೆ. ಹಳೆಯ ವಿದ್ಯಾರ್ಥಿಗಳ ಸಂಘವೂ ಇದಕ್ಕೆ ಒಪ್ಪಿದೆ. ಕರಪತ್ರ, ರಸೀದಿಗಳು, ವೇಳಾಪಟ್ಟಿ ಮತ್ತು ನೋಟ್ ಪುಸ್ತಕದ ಪುಟಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ವಿಜ್ಞಾನ ಶಿಕ್ಷಕಿ
(ನಾಲ್ವರು ಮಕ್ಕಳ ಪೋಷಕರ ಸಹಿಗಳು ಹಿಂಬದಿಯಲ್ಲಿವೆ)